ಪಪ್ಪ ನೋಡಬೇಡ ಎಂದ ಕೊನೆಯ ಕಂತು

ನಮ್ಮ ಮನೆಯಲ್ಲಿ ಯಾವ ಅನಿಮೆಯ ಕೊನೆಯ ಕಂತನ್ನೂ ನೋಡುವ ಹಾಗಿರಲಿಲ್ಲ. ಅದು ಪಪ್ಪ ಮಾಡಿದ ಕಾನೂನು. ಕಥೆ ಎಷ್ಟೇ ಉದ್ದ ಇರಲಿ, ಇನ್ನು ಒಂದೇ ಒಂದು ಕಂತು ಉಳಿಯಿತು ಎನ್ನುವಾಗ ಅವರು ರಿಮೋಟ್ ತೆಗೆದುಕೊಂಡು ಟಿವಿ ಆರಿಸುತ್ತಿದ್ದರು. "ಕಡೇದು ಬೇಡ ಮಗಾ. ಕಡೇದನ್ನು ನಾನು ಹೇಳ್ತೇನೆ" ಎನ್ನುತ್ತಿದ್ದರು. ಮಾರನೇ ದಿನ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಕೂಳೂರು ಸೇತುವೆ ದಾಟುವಾಗ ತಮ್ಮದೇ ಒಂದು ಕೊನೆ ಕಟ್ಟಿ ಹೇಳುತ್ತಿದ್ದರು. ಅವರ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಎಲ್ಲರೂ ಒಂದು ಮದುವೆಯ ಹಾಲ್‌ನಲ್ಲಿ ಸಾಲಾಗಿ ಕೂತು ಊಟ ಮಾಡುತ್ತಿದ್ದರು, ಖಳನಾಯಕ ಪಾಯಸ ಬಡಿಸುತ್ತಿದ್ದ.

ಕಾಯಿಲೆಯ ಬಗ್ಗೆ ಬರೆಯಲು ಕೂತವಳು ಕಾರ್ಟೂನಿನಿಂದ ಶುರು ಮಾಡಿದಳಲ್ಲ ಎಂದು ನಿಮಗೆ ಅನ್ನಿಸಬಹುದು. ಏನು ಮಾಡಲಿ, ನನಗೆ ಕರುಳಿನ ಕ್ಯಾನ್ಸರ್ ಆದದ್ದು, ಅದನ್ನು ನೋಡಿಸಿಕೊಳ್ಳಲು ನಾನು ಸತಾಯಿಸಿದ್ದು, ಎಲ್ಲ ಆ ಕಾನೂನಿನ ಪಕ್ಕದಲ್ಲೇ ನಡೆದದ್ದು. ಈಗ ಹುಷಾರಾಗಿದ್ದೇನೆ. ಹುಷಾರು ಎಂದರೆ ಮುಂದಿನ ಸ್ಕ್ಯಾನಿನವರೆಗೆ ಹುಷಾರು. ಹೆದರಿಕೆ ಹೋಯಿತಾ ಎಂದು ಕೇಳಬೇಡಿ, ಹೋಗಿಲ್ಲ. ನಿಮ್ಮಲ್ಲಿ ಯಾರಾದರೂ ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಒಬ್ಬರೇ ನಡುಗುತ್ತಿದ್ದರೆ, ಇದು ಅವರಿಗೆ.

ಪಪ್ಪ ಪಣಂಬೂರಿನ ಬಂದರಿನಲ್ಲಿ ಕ್ರೇನಿಗೆ ಸಿಗ್ನಲ್ ಕೊಡುವ ಕೆಲಸದಲ್ಲಿದ್ದರು. ಎತ್ತರದಲ್ಲಿ ಕೂತ ಆಪರೇಟರಿಗೆ ಕೆಳಗಿನದು ಸರಿ ಕಾಣುವುದಿಲ್ಲ, ಆ ಗದ್ದಲದಲ್ಲಿ ಮಾತಂತೂ ಕೇಳುವುದೇ ಇಲ್ಲ. ಎತ್ತು, ಇಳಿಸು, ನಿಲ್ಲು ಎಲ್ಲವನ್ನೂ ಕೈಯಲ್ಲೇ ಹೇಳಬೇಕು. ಆ ಅಭ್ಯಾಸ ಮನೆಗೂ ಬಂದಿತ್ತು. ಅಮ್ಮ ಅನ್ನ ಬಡಿಸುವಾಗ ಸಾಕು ಎಂದು ಬಾಯಲ್ಲಿ ಹೇಳಿದವರೇ ಅಲ್ಲ. ಕೈಯನ್ನು ಅಡ್ಡಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಆಚೆ ಈಚೆ ಬೀಸುತ್ತಿದ್ದರು. ಹಾಗೆಂದರೆ ನಿಲ್ಲು. ಅಮ್ಮ ಸೌಟು ಹಿಡಿದು ನಿಂತುಬಿಡುತ್ತಿದ್ದಳು. "ಇದು ಮನೆಯಾ, ಜೆಟ್ಟಿಯಾ?" ಎಂದು ಬೈಯುತ್ತಿದ್ದಳು.

ಬೆಳಗ್ಗಿನ ಶಿಫ್ಟ್ ಮುಗಿಸಿ ಬಂದು, ಸ್ನಾನ ಮಾಡಿ, ಗಂಜಿ ಉಂಡು, ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದರು. ಅನಿಮೆ ಎಂಬ ಶಬ್ದ ಅವರಿಗೆ ಬೇಕಾಗಿರಲಿಲ್ಲ. ಅವರ ಪಾಲಿಗೆ ಅವರು "ದೊಡ್ಡ ಕಣ್ಣಿನವರು". ಮೊದಲು ಟಿವಿಯಲ್ಲಿ ಹಿಂದಿಯಲ್ಲಿ ಬರುತ್ತಿತ್ತು, ನಾನು ಕಾಲೇಜಿಗೆ ಸೇರಿದ ಮೇಲೆ ಪೆನ್‌ಡ್ರೈವಿನಲ್ಲಿ ಜಪಾನಿ ಭಾಷೆಯದ್ದೇ ಬಂತು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಪಪ್ಪನಿಗೆ ಅದನ್ನು ಅಷ್ಟು ಬೇಗ ಓದಲು ಆಗುತ್ತಿರಲಿಲ್ಲ. ಹಾಗಾಗಿ ಅವರೇ ಎಲ್ಲರ ಬಾಯಿಗೂ ತುಳು ಹಾಕುತ್ತಿದ್ದರು. ಕತ್ತಿ ಹಿಡಿದು ಓಡಿ ಬಂದ ಯೋಧ "ಓಡೆ ಪೋಪ? ಊಟ ಆಂಡಾ?" ಎಂದು, ಎಲ್ಲಿಗೆ ಹೊರಟೆ, ಊಟ ಆಯಿತಾ ಎಂದು, ಶತ್ರುವನ್ನು ವಿಚಾರಿಸುತ್ತಿದ್ದ. ಖಳನಾಯಕನ ಹೆಸರು ಪ್ರತಿ ಕಥೆಯಲ್ಲೂ ಸೂಪರ್‌ವೈಸರ್. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬರುತ್ತಿತ್ತು. ಅಮ್ಮ ಮಾತ್ರ ಒಂದು ದಿನವೂ ಕೂತು ನೋಡಿದವಳಲ್ಲ. "ಅಪ್ಪ ಮಗಳಿಗೆ ತಲೆ ಸಮ ಇಲ್ಲ" ಎಂದು ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದಳು.

ಕೊನೆಯ ಕಂತಿನ ಕಾನೂನು ಬಂದದ್ದು ನನ್ನಿಂದಾಗಿಯೇ. ನಾನು ಸಣ್ಣವಳಿದ್ದಾಗ ಒಂದು ಕಥೆಯ ಕೊನೆಯಲ್ಲಿ ನನ್ನ ಇಷ್ಟದ ಹುಡುಗ ಸತ್ತ. ಅತ್ತು ಅತ್ತು ಜ್ವರ ಬಂದು ಮಲಗಿದೆ. ಪಪ್ಪ ಮಂಚದ ಹತ್ತಿರ ಕೂತು, ಅವನು ಸಾಯಲಿಲ್ಲ, ಪಣಂಬೂರಿಗೆ ಬಂದ ಹಡಗಿನಲ್ಲಿ ಇದ್ದ, ನಾನೇ ಇಳಿಸಿದೆ ಎಂದರು. ನಾನು ನಂಬಿದೆ. ಅಂದಿನಿಂದ ಕೊನೆಗಳ ವಿಭಾಗ ಪೂರ್ತಿ ಅವರ ಕೈಗೆ ಹೋಯಿತು.

ನಾವಿಬ್ಬರೂ ಕೂತು ನೋಡಿದ ಕಡೆಯ ಕಥೆ ಒಂದು ಕೊಕ್ಕರೆಯ ಹುಡುಗಿಯದ್ದು. ಸಮುದ್ರ ನುಗ್ಗಿದ ಒಂದು ಊರು, ಅಲ್ಲಿ ಯಾವಾಗಲೂ ಮಂಜು, ಮಂಜಿನೊಳಗೆ ಏನೋ ಒಂದು ಪ್ರಾಣಿ. ಹುಡುಗಿ ದೊಡ್ಡದೊಂದು ಕೊಕ್ಕರೆಯ ಮೇಲೆ ಕೂತು ಗಂಟೆಯ ಗೋಪುರ ಕಾಯುತ್ತಾಳೆ. ಪಪ್ಪ ಅವಳಿಗೆ ಗುಲಾಬಿ ಎಂದು ಹೆಸರಿಟ್ಟಿದ್ದರು. ಆ ಹೊತ್ತಿಗೆ ನನಗೆ ಮದುವೆಯಾಗಿತ್ತು, ಗಂಡ ಸುಧೀರ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದ, ನಾನು ಕೂಳೂರಿನ ಮನೆಯಲ್ಲೇ ಇದ್ದು ಹಂಪನಕಟ್ಟೆಯ ಒಂದು ಪ್ರೆಸ್ಸಿಗೆ ಡಿಟಿಪಿ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಕಂತು ಉಳಿದಾಗ ಪಪ್ಪ ಎಂದಿನಂತೆ ಟಿವಿ ಆರಿಸಿದರು. ಆದರೆ ಮಾರನೇ ದಿನ ಕೊನೆಯನ್ನು ಹೇಳಲಿಲ್ಲ. ಕೇಳಿದಾಗಲೆಲ್ಲ "ಆಮೇಲೆ ಹೇಳ್ತೇನೆ ಮಾರಾಯ್ತಿ" ಎಂದು ಮುಂದೆ ಹಾಕಿದರು.

ಅವರಿಗೆ ಆಗಲೇ ರಕ್ತ ಹೋಗಲು ಶುರುವಾಗಿತ್ತು. ಮೂಲವ್ಯಾಧಿ ಎಂದು ಅವರೇ ತೀರ್ಮಾನ ಮಾಡಿದರು. ನಮ್ಮ ಕಡೆ ಅದಕ್ಕೆ ಎಲ್ಲರಿಗೂ ಗೊತ್ತಿರುವ ಮದ್ದು ನಾಚಿಕೆಮುಳ್ಳು. ಅಮ್ಮ ಬೇರು ಸಮೇತ ಕಿತ್ತು ತಂದು, ತೊಳೆದು, ಕುದಿಸಿ ಕಷಾಯ ಕೊಟ್ಟಳು. ಸ್ವಲ್ಪ ಕಡಿಮೆಯಾಯಿತು, ಪುನಃ ಶುರುವಾಯಿತು. ಕಡೆಗೆ ಡಾಕ್ಟರು ಕ್ಯಾಮೆರಾದ ಟ್ಯೂಬು ಹಾಕಿ ನೋಡಬೇಕು ಎಂದರು. ಪಪ್ಪ ಆ ಟೆಸ್ಟಿಗೆ ಒಬ್ಬರೇ ಹೋದರು. ಮಧ್ಯಾಹ್ನದ ಊಟಕ್ಕೆ ವಾಪಸು ಬಂದು "ಎಂತದೂ ಇಲ್ಲಂತೆ. ಬರೀ ಪೈಲ್ಸ್" ಎಂದರು. ಅಮ್ಮ ದೇವರ ಕೋಣೆಗೆ ಹೋಗಿ ಅಡ್ಡಬಿದ್ದಳು.

ವರ್ಷ ತುಂಬುವ ಮೊದಲೇ ಅವರ ಅಂಗಿ ಅವರದ್ದಲ್ಲ ಎನ್ನುವ ಹಾಗೆ ಜೋತಾಡತೊಡಗಿತು. ಕಣ್ಣು ಹಳದಿಯಾಯಿತು. ಬೇರೆ ಆಸ್ಪತ್ರೆಗೆ ಸೇರಿಸಿದೆವು, ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿದೆ ಎಂದರು. ಅಲ್ಲಿನ ಡಾಕ್ಟರು ಹಿಂದೆ ಮಾಡಿಸಿದ ಟೆಸ್ಟಿನ ರಿಪೋರ್ಟ್ ಕೇಳಿದರು. ಪಪ್ಪ ಗೋಡೆಯನ್ನು ನೋಡುತ್ತಾ, "ಮಾಡಿಸ್ಲಿಲ್ಲ. ಹೆಸರು ಕರೆದರು, ನಾನು ಎದ್ದು ಬಂದೆ" ಎಂದರು. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖವನ್ನು ನೋಡುವ ಧೈರ್ಯ ನನಗೂ ಇರಲಿಲ್ಲ, ಪಪ್ಪನಿಗೂ ಇರಲಿಲ್ಲ.

ಅದೇ ಆಸ್ಪತ್ರೆಯ ಮಂಚದಲ್ಲಿ ಒಂದು ಸಂಜೆ ಕೇಳದೆಯೇ ಗುಲಾಬಿಯ ಕೊನೆಯನ್ನು ಹೇಳಿದರು. ಮಂಜು ಹೋಯಿತಂತೆ, ಸಮುದ್ರ ಹಿಂದೆ ಸರಿಯಿತಂತೆ, ಎಲ್ಲರಿಗೂ ಹಾಲ್‌ನಲ್ಲಿ ಊಟ, ಸೂಪರ್‌ವೈಸರ್ ಬಂದು ಪಾಯಸ ಬಡಿಸಿದನಂತೆ. ಹೇಳುವಾಗ ಉಸಿರು ಸಾಲುತ್ತಿರಲಿಲ್ಲ. ಹೆಚ್ಚು ದಿನ ಉಳಿಯಲಿಲ್ಲ ಅವರು. ನಾನು ಆಮೇಲೆ ದೊಡ್ಡ ಕಣ್ಣಿನ ಒಂದು ಚಿತ್ರವನ್ನೂ ನೋಡಲಿಲ್ಲ. ಪೆನ್‌ಡ್ರೈವ್ ಟಿವಿಯ ಹಿಂದೆ ಸಿಕ್ಕಿಸಿದ್ದು ಹಾಗೆಯೇ ಇತ್ತು.

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ನಾನು ಕಮೋಡಿನಲ್ಲಿ ಕೆಂಪು ಕಂಡೆ. ಬಗ್ಗಿ ನೋಡಿದೆ. ಫ್ಲಶ್ ಮಾಡಿದೆ. ಹೊರಗೆ ಬಂದು ಅಮ್ಮ ಕೊಟ್ಟ ಚಾ ಕುಡಿದು ಕೆಲಸಕ್ಕೆ ಹೋದೆ. ನಮ್ಮ ಪ್ರೆಸ್ಸಿನಲ್ಲಿ ಮದುವೆ ಕಾಗದ ಎಷ್ಟು ಬರುತ್ತದೆಯೋ ಉತ್ತರಕ್ರಿಯೆಯ ಕಾರ್ಡೂ ಅಷ್ಟೇ ಬರುತ್ತದೆ. ಅಂದು ಬಂದದ್ದು ನನ್ನದೇ ಪ್ರಾಯದ ಒಬ್ಬಳದ್ದು. ಫೋಟೋವನ್ನು ಚೌಕಟ್ಟಿನೊಳಗೆ ಕೂರಿಸುವಾಗ, ನನ್ನ ಯಾವ ಫೋಟೋ ಹಾಕುತ್ತಾರೆ ಎಂದು ಯೋಚಿಸಿದೆ, ಸತ್ಯವಾಗಿ ಯೋಚಿಸಿದೆ.

ಇಷ್ಟೆಲ್ಲ ಗೊತ್ತಿದ್ದವಳು ಡಾಕ್ಟರ ಹತ್ತಿರ ಓಡಬೇಕಿತ್ತಲ್ಲವಾ? ನಾನು ಮಾಡಿದ್ದು ಕೇಳಿ. ನಮ್ಮ ಮನೆಯ ಹಿಂದಿನ ಖಾಲಿ ಜಾಗಕ್ಕೆ ಹೋಗಿ ನಾಚಿಕೆಮುಳ್ಳು ಕಿತ್ತೆ. ಪಪ್ಪನನ್ನು ತಿಂದದ್ದೇ ಬರೀ ಪೈಲ್ಸ್ ಎಂಬ ಆ ಸುಳ್ಳು ಎಂದು ಗೊತ್ತಿದ್ದೂ ಕಿತ್ತೆ. ಹೆದರಿದವರ ಬುದ್ಧಿ ಹೀಗೆಯೇ, ಗೊತ್ತಿರುವ ದಾರಿಯಲ್ಲೇ ಓಡುತ್ತದೆ. ಮೂಲವ್ಯಾಧಿಯೇ ಇರಬಹುದು, ಎಲ್ಲರಿಗೂ ಬರುತ್ತದಲ್ಲ, ಇಡೀ ದಿನ ಕೂತು ಮಾಡುವ ಕೆಲಸ ಬೇರೆ, ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಅಮ್ಮ ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿ ಸಣ್ಣ ಪಾತ್ರೆಯಲ್ಲಿ ಕುದಿಸಿ ಕುಡಿದೆ. ಸುಧೀರನಿಗೆ ವಿಡಿಯೋ ಕಾಲ್‌ನಲ್ಲಿ ನಗಾಡಿಕೊಂಡೇ ಮಾತಾಡಿದೆ.

ಪಾತ್ರೆ ತೊಳೆದು ಕವುಚಿ ಇಟ್ಟರೂ ಆ ವಾಸನೆ ಹೋಗುವುದಿಲ್ಲ. ಒಂದು ದಿನ ಅಮ್ಮ ದೇವಸ್ಥಾನದಿಂದ ಬೇಗ ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮೂಗು ಅರಳಿಸಿ ಒಮ್ಮೆ ಉಸಿರು ಎಳೆದಳು. ಒಲೆಯ ಮೇಲೆ ಕಷಾಯ ಇನ್ನೂ ಕುದಿಯುತ್ತಿತ್ತು.

"ಯಾರಿಗೆ ಇದು?"

ನಾನು ಒಲೆ ಆರಿಸಿದೆ.

"ನಿನಗಾ?"

"ಸ್ವಲ್ಪ ಹೀಟ್ ಆಗಿದೆ ಅಮ್ಮ. ಎಂತ ಇಲ್ಲ."

ಆ "ಎಂತ ಇಲ್ಲ" ಕೇಳಿದ್ದೇ ತಡ, ಅಮ್ಮ ಬಟ್ಟೆಯೂ ಹಿಡಿಯದೆ ಬರಿಗೈಯಲ್ಲಿ ಪಾತ್ರೆ ಎತ್ತಿ ಹಿತ್ತಿಲಿಗೆ ಎಸೆದಳು. ಕೈ ಸುಟ್ಟಿತು. ಸುಟ್ಟ ಕೈಯಲ್ಲೇ ನನ್ನ ಬೆನ್ನಿಗೆ ಒಂದು ಕೊಟ್ಟಳು. "ನಿಮ್ಮ ವಂಶಕ್ಕೆ ನಾನು ಎಂತ ಮಾಡಿದ್ದೇನೆ ಹೇಳು! ಎಷ್ಟು ಜನರಿಗೆ ಕಷಾಯ ಕುದಿಸಿ ಕುದಿಸಿ ಕಳಿಸ್ಬೇಕು ನಾನು?" ಎಂದು ನೆಲದಲ್ಲಿ ಕೂತು ಗೋಳೋ ಎಂದು ಅತ್ತಳು. ಪಪ್ಪ ಹೋದಾಗಲೂ ಅವಳು ಅಷ್ಟು ದೊಡ್ಡದಾಗಿ ಅತ್ತಿರಲಿಲ್ಲ. ನಾನು ಅವಳ ಕೈಯನ್ನು ನಲ್ಲಿಯ ನೀರಿನ ಕೆಳಗೆ ಹಿಡಿದು ನಿಂತೆ.

ಆ ಗದ್ದಲ ಕೇಳಿ ಪಕ್ಕದ ಮನೆಯ ಐರಿನ್ ಬಾಯಿ ಬಂದರು. ಕುವೈತಿನಲ್ಲಿ ನರ್ಸ್ ಆಗಿ ದುಡಿದು ವಾಪಸು ಬಂದವರು. ವಿಷಯ ಕೇಳಿದ ಮೇಲೆ ಒಂದು ಬೈಗುಳವೂ ಇಲ್ಲ. ಅವರೇ ಫೋನ್ ಮಾಡಿ ಡಾಕ್ಟರನ್ನು ಗೊತ್ತು ಮಾಡಿದರು, ಟೆಸ್ಟಿನ ದಿನವನ್ನೂ ಗೊತ್ತು ಮಾಡಿಸಿದರು. ಹೊಟ್ಟೆ ಖಾಲಿ ಮಾಡುವ ಆ ಔಷಧಿಯ ನೀರು ಇದೆಯಲ್ಲ, ಅದನ್ನು ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ, ನಡುನಡುವೆ ಚೀಪಲು ಲಿಂಬೆಹುಳಿ ಕೊಯ್ದು ಕೊಟ್ಟು, ನಾನು ಓಡುವಾಗಲೆಲ್ಲ "ಹೋಗು ಹೋಗು, ರಸ್ತೆ ಖಾಲಿ ಉಂಟು" ಎಂದು ನಗಿಸಿದರು. "ನಿಮಗೆ ಪೇಶೆಂಟ್‌ಗಳನ್ನು ನೋಡಿ ಹೆದರಿಕೆ ಆಗ್ತಿರ್ಲಿಲ್ವಾ ಬಾಯಿ?" ಎಂದು ಕೇಳಿದೆ. "ಆಗದೆ? ನರ್ಸಿಗೆ ಹೆದರಿಕೆ ಇಲ್ಲ ಅಂತ ಯಾರು ಹೇಳಿದ್ದು ಮಾರಾಯ್ತಿ? ಸೂಜಿ ಹಿಡಿದ ಕೈ ನಡುಗದಿದ್ದರೆ ಆಯ್ತು" ಎಂದರು. ಅಮ್ಮ ಬರುವುದು ಬೇಡ, ಮನೆಯಲ್ಲಿ ದೇವರಿಗೆ ದೀಪ ಇಟ್ಟುಕೊಂಡು ಇರಲಿ ಎಂದು ನಾವಿಬ್ಬರೂ ಸೇರಿ ಒಪ್ಪಿಸಿದೆವು.

ಎಂಡೋಸ್ಕೋಪಿ ವಿಭಾಗದ ಹೊರಗೆ ಕುರ್ಚಿಗಳ ಸಾಲು, ಗೋಡೆಯಲ್ಲಿ ಒಂದು ಟಿವಿ. ಯಾರೋ ಮಕ್ಕಳ ಚಾನೆಲ್ ಹಾಕಿ ಸೌಂಡ್ ತೆಗೆದಿದ್ದರು. ನೋಡಿದರೆ ದೊಡ್ಡ ಕಣ್ಣಿನವರು! ಒಬ್ಬ ಹುಡುಗ ಬಾಯಿ ತೆರೆದು ಕಿರುಚುತ್ತಿದ್ದ, ಶಬ್ದ ಇಲ್ಲ. ನನಗೆ ಮಾತ್ರ ಕೇಳಿಸಿತು, ಪಪ್ಪನ ಗಂಟಲಿನಲ್ಲಿ, ಊಟ ಆಂಡಾ ಎಂದು. ಸುತ್ತ ಕೂತವರೆಲ್ಲ ಕತ್ತೆತ್ತಿ ಆ ಮೂಕ ಚಿತ್ರವನ್ನೇ ನೋಡುತ್ತಿದ್ದರು, ಯಾರ ಮುಖದಲ್ಲೂ ರಕ್ತ ಇರಲಿಲ್ಲ. ಒಳಗಿನಿಂದ ಒಬ್ಬ ಮುದುಕರನ್ನು ಸ್ಟ್ರೆಚರಿನಲ್ಲಿ ತಂದರು, ಬಾಯಿ ತೆರೆದಿತ್ತು. ಅರಿವಳಿಕೆಯ ನಿದ್ದೆ ಅಷ್ಟೇ ಎಂದು ಗೊತ್ತಿದ್ದರೂ ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಐರಿನ್ ಬಾಯಿ ಕೌಂಟರಿನಲ್ಲಿ ಏನೋ ಸಹಿ ಬಾಕಿ ಇದೆ ಎಂದು ಎದ್ದು ಹೋದರು. ಅದೇ ಹೊತ್ತಿಗೆ ಬಾಗಿಲು ತೆರೆಯಿತು.

"ಪ್ರತಿಭಾ! ಪ್ರತಿಭಾ ಯಾರು?"

ನಾನು ಎದ್ದೆ. ಬಾಗಿಲಿನ ಕಡೆಗೆ ಹೋಗಲಿಲ್ಲ. ನನ್ನ ಹೆಸರು ಅದಲ್ಲ ಎನ್ನುವ ಹಾಗೆ ಚೀಲ ಎತ್ತಿಕೊಂಡು ಕಾರಿಡಾರಿಗೆ ಬಂದೆ, ಮೆಟ್ಟಿಲು ಇಳಿದೆ, ಗೇಟು ದಾಟಿದೆ. ಕಾಲು ತಾನಾಗಿ ಹೋಗುತ್ತಿತ್ತು. ಪಪ್ಪನೂ ಹೀಗೆಯೇ ಬಂದಿರಬೇಕು ಎಂದು ಆಗ ಗೊತ್ತಾಯಿತು. ಅಷ್ಟು ವರ್ಷ ಅವರ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆ, ನಮ್ಮ ಮೇಲೆ ಪ್ರೀತಿ ಇದ್ದಿದ್ದರೆ ಒಳಗೆ ಹೋಗುತ್ತಿದ್ದರು ಎಂದು. ಪ್ರೀತಿ ಇದ್ದೂ ಕಾಲು ಹೊರಗೆ ಹೋಗುತ್ತದೆ. ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ನಂತೂರ್, ನಂತೂರ್, ಬೇಗ ಬೇಗ" ಎಂದು ಕೂಗುತ್ತಿದ್ದ. ಹಾರ್ನ್ ಕಿವಿಗೆ ಬಡಿಯುತ್ತಿತ್ತು. ಕಂಬಿ ಹಿಡಿಯಲು ಕೈ ಎತ್ತಿದೆ.

ಬಸ್ಸಿನ ಮೂತಿಯ ಪಕ್ಕದಿಂದ ನೋಡಿದರೆ, ರಸ್ತೆಯ ಆಚೆ ಬದಿಯ ಬಸ್‌ಸ್ಟಾಪಿನಲ್ಲಿ ಅಮ್ಮ ನಿಂತಿದ್ದಳು. ದೇವಸ್ಥಾನಕ್ಕೆ ಉಡುವ ಸೀರೆ, ಕೈಗೆ ಬ್ಯಾಂಡೇಜು. ಬಾಯಿ ಆಡುತ್ತಿತ್ತು, ಆ ಗದ್ದಲದಲ್ಲಿ ಒಂದೂ ಕೇಳುತ್ತಿರಲಿಲ್ಲ. ಕೂಗಿ ಸಾಕಾಗಿ ಅವಳು ಬ್ಯಾಂಡೇಜಿನ ಕೈಯನ್ನು ಅಡ್ಡಕ್ಕೆ ಚಾಚಿದಳು. ಅಂಗೈ ಕೆಳಗೆ. ಆಚೆ ಈಚೆ ಬೀಸಿದಳು.

ನಾನು ನಿಂತೆ. ಬಸ್ಸು ಹೋಯಿತು.

ರಸ್ತೆ ದಾಟಿ ಬಂದವಳು ಏದುಸಿರು ಬಿಡುತ್ತಾ ಮೊದಲು ನನ್ನ ರಟ್ಟೆ ಹಿಡಿದಳು. "ಅವತ್ತು ಅವರು ಟೆಸ್ಟಿಗೆ ಹೋಗುವಾಗ ನಾನು ಮನೆಯಲ್ಲಿ ಕೂತಿದ್ದೆ. ಈ ಸಲ ಗೇಟಿನ ಎದುರು ಬಂದು ನಿಂತೆ. ನೀವಿಬ್ಬರು ಹೊರಟ ಮೇಲೆ ಮುಂದಿನ ಬಸ್ಸಿಗೇ ಬಂದದ್ದು" ಎಂದಳು. ಹಾಗೆಯೇ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದಳು. ಮೇಲೆ ಐರಿನ್ ಬಾಯಿ ಗಾಬರಿಯಿಂದ ಟಾಯ್ಲೆಟ್ಟುಗಳ ಬಾಗಿಲು ಬಡಿಯುತ್ತಿದ್ದರು. ಸಿಸ್ಟರ್ ಇನ್ನೊಮ್ಮೆ ಹೆಸರು ಕರೆದಾಗ "ಇವಳೇ" ಎಂದು ಅಮ್ಮನೇ ಹೇಳಿದಳು.

ಗಡ್ಡೆ ಇತ್ತು. ಅದನ್ನು ಹೇಳುವಾಗ ಅಮ್ಮ ಡಾಕ್ಟರ ಎದುರಿನ ಕುರ್ಚಿಯಲ್ಲೇ ಕೂತಿದ್ದಳು, ಹೊರಗೆ ಹೋಗಿ ಎಂದರೂ ಏಳಲಿಲ್ಲ. "ನನಗೆ ಅರ್ಥ ಆಗುವ ಹಾಗೆ ಹೇಳಿ. ಎಂತ ಇಲ್ಲ ಅಂತ ಮಾತ್ರ ಹೇಳ್ಬೇಡಿ" ಎಂದಳು. ಡಾಕ್ಟರು ನಿಧಾನವಾಗಿ ಹೇಳಿದರು. ಬೇಗ ಬಂದಿದ್ದೀರಿ ಎಂದೂ ಹೇಳಿದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಆಪರೇಷನ್ ಥಿಯೇಟರಿನವರೆಗೆ ಹೋದೆ. ಸುಧೀರ ರಜೆ ಹಾಕಿ ಬಂದ. ಬಂದವನು ನನ್ನನ್ನು ಬೈಯಬೇಕೆಂದು ಇಡೀ ವಿಮಾನದಲ್ಲಿ ಮಾತು ಜೋಡಿಸಿಕೊಂಡಿದ್ದನಂತೆ, ನನ್ನ ಮುಖ ನೋಡಿದ ಮೇಲೆ ಕಾಲಿನ ಹತ್ತಿರ ಕೂತು ಪಾದ ತಿಕ್ಕತೊಡಗಿದ. ಆಪರೇಷನ್ ಮುಗಿದು ಎಚ್ಚರವಾದಾಗ ನಾನು ಮೊದಲು ಮಾಡಿದ್ದು ಹೊಟ್ಟೆಯ ಬದಿ ತಡವಿ ನೋಡಿದ್ದು, ಮಲ ಹೋಗುವ ಚೀಲ ಅಂಟಿಸಿದ್ದಾರಾ ಎಂದು. ಇರಲಿಲ್ಲ. ಅಷ್ಟಕ್ಕೇ ಅತ್ತೆ.

ಕೀಮೋದ ಹೆದರಿಕೆಯೇ ಬೇರೆ. ತಣ್ಣಗಿನದು ಏನು ಮುಟ್ಟಿದರೂ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು, ಸ್ಟೀಲಿನ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಅಮ್ಮ ಲೋಟಕ್ಕೆಲ್ಲ ಹಳೆಯ ಕಾಲುಚೀಲ ತೊಡಿಸಿದಳು. ಸುಧೀರ ಮಸ್ಕತ್‌ಗೆ ವಾಪಸು ಹೋಗಬೇಕಾಯಿತು. ಮನೆಯಲ್ಲಿ ನಾವಿಬ್ಬರೇ. ಒಂದು ಮಧ್ಯಾಹ್ನ ವಾಂತಿ ಮಾಡಿ ಸುಸ್ತಾಗಿ ಸೋಫಾದಲ್ಲಿ ಬಿದ್ದಿದ್ದೆ. ಅಮ್ಮ ಬಂದು ನೆಲದಲ್ಲಿ ಕೂತು, "ಆ ದೊಡ್ಡ ಕಣ್ಣಿನವರನ್ನು ಹಾಕು ನೋಡುವ" ಎಂದಳು.

"ನಿನಗೆ ಅದು ಆಗುವುದಿಲ್ಲವಲ್ಲ ಅಮ್ಮ?"

"ಈಗ ನೋಡ್ತೇನೆ. ಹಾಕು."

ಗುಲಾಬಿಯ ಕಥೆಯನ್ನು ಮೊದಲಿನಿಂದ ಹಾಕಿದೆ. ಅಮ್ಮ ಪ್ರತಿ ಕ್ಷಣಕ್ಕೂ "ಎಂತ ಹೇಳ್ತಾರೆ ಅವರು?" ಎನ್ನುತ್ತಿದ್ದಳು. ಓದಿ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ, ಬಾಯಿಗೆ ಬಂದದ್ದನ್ನು ತುಳುವಿನಲ್ಲಿ ಹೇಳಿದೆ. ಸೂಪರ್‌ವೈಸರ್ ಬಂದ, ಊಟ ಆಂಡಾ ಎಂದ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಹೀಗೆ ಕೀಮೋ ಇದ್ದಷ್ಟು ಕಾಲ ನೋಡಿದೆವು. ಎಷ್ಟೋ ದಿನ ನನಗೆ ಚಿತ್ರ ಕಾಣುತ್ತಿರಲಿಲ್ಲ, ಮಂಜು ಮಾತ್ರ ಕಾಣುತ್ತಿತ್ತು. ಆದರೂ ಹಾಕುತ್ತಿದ್ದೆ. ಕೀಮೋ ಮುಗಿದು, ಎಲ್ಲ ಹೋಗಿದೆಯಾ ಎಂದು ನೋಡುವ ಮೊದಲ ಸ್ಕ್ಯಾನಿಗೆ ದಿನ ಕೊಟ್ಟಾಗ ಒಂದು ಕಂತು ಉಳಿದಿತ್ತು.

ಸ್ಕ್ಯಾನಿನ ಹಿಂದಿನ ದಿನ ಅಮ್ಮ ಟಿವಿಯ ಎದುರು ಬಂದು ಕೂತಳು. ನಾನು ರಿಮೋಟ್ ಕೆಳಗಿಟ್ಟೆ.

"ಕಡೇದು ಬೇಡ ಅಮ್ಮ. ಪಪ್ಪ ನೋಡ್ತಿರ್ಲಿಲ್ಲ."

"ಇದನ್ನು ನೋಡಿದ್ದಾರೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅಮ್ಮ ಟಿವಿಯನ್ನೇ ನೋಡುತ್ತಾ ಹೇಳಿದಳು. "ಟೆಸ್ಟಿಗೆ ಹೋಗಿ ಬಂದರಲ್ಲ, ಅವತ್ತು. ಎಂತ ಇಲ್ಲ ಅಂದರು, ಊಟ ಮಾಡಿದರು, ನೀನು ಕೆಲಸದಿಂದ ಬಂದಿರ್ಲಿಲ್ಲ. ಒಬ್ಬರೇ ಕೂತು ಇದನ್ನು ಹಾಕಿದರು. ಈ ಕೊಕ್ಕರೆ, ಈ ಹುಡುಗಿ. ನಾನು ಹಪ್ಪಳ ಒಣಗಿಸಿ ಒಳಗೆ ಬಂದು ನೋಡ್ತೇನೆ, ಅಳ್ತಿದ್ದಾರೆ. ಭುಜ ಅಲುಗುವ ಹಾಗೆ ಅಳು. ಕಾರ್ಟೂನ್ ನೋಡಿ ಅಳುವ ಗಂಡಸು ನೀವೊಬ್ಬರೇ ಅಂತ ನಾನು ನಗಾಡಿದೆ ಮಗಾ. ಅವರೂ ನಗಾಡಿದರು."

ನಾನು ಅವಳ ಕೈ ಹಿಡಿದೆ. ಸುಟ್ಟ ಕಲೆ ಇನ್ನೂ ಇತ್ತು. ರಿಮೋಟ್ ತೆಗೆದು ಅವಳೇ ಒತ್ತಿದಳು.

ಕೊನೆಯ ಕಂತಿನಲ್ಲಿ ಯಾರೂ ಸಾಯಲಿಲ್ಲ. ಮಂಜೂ ಹೋಗಲಿಲ್ಲ. ಪ್ರಾಣಿ ಏನೆಂದು ತೋರಿಸಲೂ ಇಲ್ಲ. ಸಂಜೆಯಾಗುತ್ತದೆ, ಗುಲಾಬಿ ಗೋಪುರ ಹತ್ತಿ ಗಂಟೆ ಬಾರಿಸುತ್ತಾಳೆ, ದೂರದ ದೋಣಿಗಳು ಆ ಶಬ್ದ ಹಿಡಿದು ದಡಕ್ಕೆ ಬರುತ್ತವೆ. ನಾಳೆಯೂ ಹತ್ತಬೇಕು ಎಂದುಕೊಂಡು ಅವಳು ಇಳಿಯುತ್ತಾಳೆ. ಅಷ್ಟೇ. ಹೆಸರುಗಳು ಓಡತೊಡಗಿದವು.

ಅಮ್ಮ ರಿಮೋಟ್ ಕೆಳಗಿಟ್ಟಳು. "ಇಷ್ಟೇಯಾ? ಇದರಲ್ಲಿ ಅಳುವಂಥದ್ದು ಎಂತ ಉಂಟು?" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಸ್ವರ ಒಡೆದಿತ್ತು.

ನನಗೂ ತಡೆಯಲಾಗಲಿಲ್ಲ. ಮುಖವನ್ನು ಆಚೆ ತಿರುಗಿಸಿದೆ. ಅಮ್ಮ ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅಳುವುದಾದರೆ ಎಂತಕ್ಕೆ ಅಂತ ಹೇಳಿ ಅಳು. ಕಾರ್ಟೂನಿನ ಮೇಲೆ ಹಾಕ್ಬೇಡ."

"ನಾಳೆ ಸ್ಕ್ಯಾನಿಗೆ ಹೆದರಿಕೆ ಆಗ್ತದೆ ಅಮ್ಮ" ಎಂದೆ. "ತುಂಬ ಹೆದರಿಕೆ ಆಗ್ತದೆ."

"ನನಗೂ" ಎಂದಳು ಅಮ್ಮ.